ಸ್ಟೀಲ್‌ಬುಕ್ ಬಿಚ್ಚುವ ಮುಂಚೆ

ಗೂಢಚಾರಿ ಸಿನಿಮಾಗಳ ಬ್ಲೂ-ರೇ ಸ್ಟೀಲ್‌ಬುಕ್, ಅಂದರೆ ಡಿಸ್ಕ್ ಇಡುವ ಲೋಹದ ಡಬ್ಬಿ, ಕೈಗೆ ಬಂದ ದಿನವೇ ಅದನ್ನು ಹಾಳು ಮಾಡಿಕೊಂಡವರನ್ನು ತುಂಬಾ ನೋಡಿದ್ದೇನೆ. ಉಕ್ಕಿನ ಡಬ್ಬಿ ತಾನೇ, ಏನಾಗುತ್ತೆ ಅನ್ನೋ ಧೈರ್ಯ. ಅದು ತೆಳ್ಳನೆಯ ತಗಡು. ನಾವು ಜಾಸ್ತಿ ದುಡ್ಡು ಕೊಡುವುದು ಅದರ ಮೇಲಿನ ಬಣ್ಣಕ್ಕೆ. ಈ ಸಿನಿಮಾಗಳ ಡಬ್ಬಿಗೆ ಎಷ್ಟೋ ಸಲ ಕಪ್ಪು ಮ್ಯಾಟ್, ಅಂದರೆ ಹೊಳಪಿಲ್ಲದ, ಹೊದಿಕೆ ಇರುತ್ತದೆ. ಅದರ ಮೇಲೆ ಬೆರಳಚ್ಚು, ಗೀರು ಎಲ್ಲವೂ ಎದ್ದು ಕಾಣುತ್ತವೆ.

ಮೊದಲು ರ‍್ಯಾಪರ್ ತೆಗೆಯದೆಯೇ ನಾಲ್ಕೂ ಮೂಲೆ ಮತ್ತು ಬೆನ್ನು ನೋಡಿ. ತಗ್ಗು ಬಿದ್ದಿದ್ದರೆ ಬಿಚ್ಚಬೇಡಿ, ವಾಪಸ್ ಕೊಡಿ. ಒಳಗಿಂದ ಒತ್ತಿ ಸರಿ ಮಾಡಲು ಹೋದರೆ ಬಣ್ಣ ಬಿರುಕು ಬಿಡುತ್ತದೆ.

ರ‍್ಯಾಪರ್‌ಗೆ ಬ್ಲೇಡ್ ತಾಗಿಸಬೇಡಿ. ಡಬ್ಬಿ ತೆರೆಯುವ ಬದಿಯಲ್ಲಿ ಉಗುರಿನಿಂದ ಹರಿಯಿರಿ.

ಈಗ ನಿಜವಾದ ಕಷ್ಟ. ಹಿಂಬದಿಯಲ್ಲಿ ಸಿನಿಮಾದ ವಿವರ ಇರುವ ಕಾಗದ, ಅಂದರೆ ಜೆ-ಕಾರ್ಡ್, ಸುಮ್ನೆ ಸಿಕ್ಕಿಸಿದ ಹಾಗೆ ಕಾಣುತ್ತದೆ. ಎಷ್ಟೋ ಸಲ ಕೆಳಗೆ ರಬ್ಬರಿನಂಥ ಅಂಟಿನ ಚುಕ್ಕೆಗಳಿರುತ್ತವೆ. ಮೂಲೆ ಹಿಡಿದು ಜಗ್ಗಿದರೆ ಕಾಗದ ಹರಿಯುತ್ತದೆ, ಅಂಟು ಡಬ್ಬಿಯ ಮೇಲೇ ಉಳಿಯುತ್ತದೆ. ಡಬ್ಬಿಯನ್ನು ಮೆತ್ತನೆ ಬಟ್ಟೆಯ ಮೇಲೆ ಮಲಗಿಸಿ. ಕಾಗದದ ಅಂಚನ್ನು ಸ್ವಲ್ಪವೇ ಎತ್ತಿ, ಅಂಟು ಎಲ್ಲಿದೆ ನೋಡಿಕೊಳ್ಳಿ. ಆ ಚುಕ್ಕೆಯ ಪಕ್ಕದಲ್ಲೇ ಬೆರಳಿಟ್ಟು, ಕಾಗದವನ್ನು ಮೇಲಕ್ಕೆ ಎಳೆಯದೆ, ಡಬ್ಬಿಗೆ ಒರಗಿಸಿದಂತೆ ನಿಧಾನವಾಗಿ ಹಿಂದಕ್ಕೆ ಮಡಚುತ್ತಾ ಹೋಗಿ. ಒಂದು ಚುಕ್ಕೆ ಬಿಟ್ಟ ಮೇಲೇ ಮುಂದಿನದು. ಉಳಿದ ಅಂಟನ್ನು ಉಗುರಿನಿಂದ ಕೆರೆಯಬೇಡಿ. ಹೆಬ್ಬೆರಳ ಮೆತ್ತನೆ ಭಾಗದಿಂದ ಒಂದೇ ದಿಕ್ಕಿನಲ್ಲಿ ಉರುಳಿಸಿ. ಮೊದಲು ಏನೂ ಆಗದ ಹಾಗೆ ಕಾಣುತ್ತದೆ. ಆಮೇಲೆ ಅದು ಸಣ್ಣ ಉಂಡೆಯಾಗಿ ಸುತ್ತಿಕೊಂಡು ತಾನಾಗಿ ಎದ್ದು ಬರುತ್ತದೆ. ಹತ್ತು ನಿಮಿಷ ಹಿಡಿದರೂ ಹಿಡಿಯಲಿ.

ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಬಣ್ಣವನ್ನೇ ಕರಗಿಸುತ್ತದೆ. ಗೆಳೆಯನೊಬ್ಬ ಹತ್ತಿಯಲ್ಲಿ ಅದ್ದಿ ಒಂದೇ ಸಲ ಒರೆಸಿದ. ಅಂಟಿನ ಜೊತೆ ನಾಯಕನ ಕೋಟಿನ ಭುಜವೂ ಹೋಯಿತು. ಕಪ್ಪು ಬಣ್ಣದ ನಡುವೆ ನಾಣ್ಯದಷ್ಟು ಹೊಳೆಯುವ ತಗಡು. ನೋಡಿ ಹೊಟ್ಟೆ ಉರಿಯಿತು. ಅಂಟು ತೆಗೆಯುವ ಸ್ಪ್ರೇಗಳನ್ನೂ ಮ್ಯಾಟ್ ಹೊದಿಕೆಗೆ ನಾನು ಒಪ್ಪುವುದಿಲ್ಲ, ಕಲೆ ಉಳಿಯುವ ಭಯ ಇದ್ದೇ ಇರುತ್ತದೆ. ಕೊನೆಗೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಸಾಕು.

ಡಿಸ್ಕ್ ತೆಗೆಯುವಾಗ ಅದನ್ನು ಹಿಡಿದಿರುವ ನಡುವಿನ ಗುಂಡಿಯನ್ನು ಒತ್ತಿ, ಅಂಚು ಹಿಡಿದು ಎತ್ತಿ. ಬಗ್ಗಿಸಬೇಡಿ. ಅಂಚನ್ನೇ ಹಿಡಿಯುವುದೇಕೆಂದರೆ, ಬ್ಲೂ-ರೇಯಲ್ಲಿ ಮಾಹಿತಿ ಇರುವ ಪದರ ಓದುವ ಬದಿಯ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಡಿವಿಡಿಯಲ್ಲಾದರೆ 0.6.

ಆಮೇಲೆ ಡಬ್ಬಿಗೆ ಹಾಕುವ ಕವರ್. ಮೆತ್ತನೆಯ ಪಿವಿಸಿ ಕವರ್ ಅಗ್ಗಕ್ಕೆ ಸಿಕ್ಕರೂ ಬೇಡ. ವರ್ಷಗಳು ಕಳೆದಂತೆ ಅದು ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪೆಟ್ (PET) ಪ್ಲಾಸ್ಟಿಕ್ಕಿನ ಕವರನ್ನೇ ಕೊಳ್ಳಿ. ಅಳತೆ ನೋಡಿ ಕೊಳ್ಳಿ, ಡಿವಿಡಿ ಅಳತೆಯ ಡಬ್ಬಿ ಬ್ಲೂ-ರೇಯದಕ್ಕಿಂತ ಎತ್ತರ. ಇನ್ನೊಂದು ವಿಷಯ: ಸ್ಟೀಲ್‌ಬುಕ್ ಅನ್ನೋದು ಸ್ಕನಾವೊ ಕಂಪನಿಯ ಬ್ರ್ಯಾಂಡ್. ಬೇರೆಯವರ ಲೋಹದ ಡಬ್ಬಿಗಳ ಅಳತೆ ಬೇರೆ ಇರಬಹುದು, ಅದಕ್ಕೆ ಈ ಕವರ್ ಹಿಡಿಸದೇ ಹೋಗಬಹುದು. ಬಿಗಿಯಾದ ಕವರ್‌ಗೆ ಡಬ್ಬಿ ತುರುಕಿದರೆ ಮೂಲೆಯ ಬಣ್ಣ ಸವೆಯುತ್ತದೆ.

ಶೆಲ್ಫಿನಲ್ಲಿ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ. ಒಂದನ್ನು ಎಳೆದರೆ ಪಕ್ಕದ್ದು ಜೊತೆಗೆ ಬರಬಾರದು, ಅಷ್ಟು ಸಡಿಲ ಇರಲಿ. ತೇವ ಇರುವ ಕೋಣೆಯಾದರೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ತುಕ್ಕು ಮೊದಲು ಹಿಡಿಯುವುದು ಬಣ್ಣ ಹೋದ ಅಂಚಿನಲ್ಲಿ.