ಬಾಯಿ ಬಿಡದ ಆಮೆಯ ಸ್ವಾಬ್ ತೆಗೆಯುವುದು

ನಮ್ಮೂರ ಕಡೆ ಹಸು, ಎಮ್ಮೆ ನೋಡಿಕೊಂಡಿದ್ದ ಪಶುವೈದ್ಯೆ ನಾನು. ಈಗ ಅಮೆರಿಕದ ಇಲಿನಾಯ್ ಕಾಡುಗಳಲ್ಲಿ ಬಾಕ್ಸ್ ಆಮೆಗಳಿಗೆ ರಾನಾವೈರಸ್ ಎಂಬ ಮಾರಕ ವೈರಸ್ ತಗುಲಿದೆಯಾ ಎಂದು ನೋಡುವ ಕೆಲಸ.

ಮೊದಲು ಆಮೆ ಸಿಗಬೇಕಲ್ಲ! ತರಗೆಲೆಯ ನಡುವೆ ಅದರ ಕಂದು–ಹಳದಿ ಚಿಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಬಾಯ್ಕಿನ್ ಸ್ಪಾನಿಯಲ್ ನಾಯಿಗಳು. ವಾಸನೆ ಹಿಡಿದು ಹುಡುಕಿ, ಹಲ್ಲು ನಾಟದಂತೆ ಮೆಲ್ಲಗೆ ಬಾಯಲ್ಲಿ ಹಿಡಿದು ತರುತ್ತವೆ. ಯಾವ ಜಾಗದಿಂದ ತಂದಿತು ಎಂದು ಒಬ್ಬರು ಗಮನಿಸುತ್ತಲೇ ಇರಬೇಕು. ಆಮೆಯನ್ನು ವಾಪಸ್ ಅಲ್ಲೇ ಬಿಡಬೇಕು.

ಈ ಆಮೆಯ ಕೆಳಚಿಪ್ಪಿನಲ್ಲಿ ಕೀಲಿದೆ. ಹೆದರಿದರೆ ತಲೆ, ಕಾಲು ಎಲ್ಲ ಒಳಗೆಳೆದುಕೊಂಡು ಭದ್ರವಾಗಿ ಮುಚ್ಚಿಕೊಳ್ಳುತ್ತದೆ. ಬಲವಂತ ಮಾಡಿ ಪ್ರಯೋಜನವಿಲ್ಲ, ಸುಮ್ನೆ ಕಾಯಬೇಕು. ಮೂಗು ಹೊರಬಂದು, ಕುತ್ತಿಗೆ ಚಾಚಿದಾಗ ದವಡೆಯ ಹಿಂದೆ ಎರಡು ಬೆರಳಲ್ಲಿ ಹಿಡಿಯುತ್ತೇನೆ. ಕೆಳಗಿನ ಕೊಕ್ಕನ್ನು ಮೆಲ್ಲಗೆ ಇಳಿಸಿ, ನಾಲಿಗೆ, ಕೆನ್ನೆಯ ಒಳಗೆಲ್ಲ ಸ್ವಾಬ್ ಆಡಿಸುತ್ತೇನೆ. ಇನ್ನೊಂದು ಸ್ವಾಬ್ ಬಾಲದ ಬುಡದ ತೂತಿನಿಂದ. ಕಡ್ಡಿ ಪ್ಲಾಸ್ಟಿಕ್‌ನದೇ ಆಗಬೇಕು. ಮರದ್ದಾದರೆ ವೈರಸ್ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆ ಕೆಡಬಹುದು.

ರೆಪ್ಪೆ ಊದಿದ್ದು, ಮೂಗು ಸೋರುವುದು, ಬಾಯೊಳಗೆ ಹಳದಿ–ಬಿಳಿ ಪೊರೆ, ಇವು ರಾನಾವೈರಸ್‌ನ ಗುರುತುಗಳು. ಆದರೆ ಹರ್ಪಿಸ್ ವೈರಸ್, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ತಗುಲಿದರೂ ಹೆಚ್ಚುಕಡಿಮೆ ಹೀಗೇ ಕಾಣಬಹುದು. ಬರೀ ನೋಡಿ ಹೇಳಿಬಿಡುವವರನ್ನು ನಾನು ನಂಬುವುದಿಲ್ಲ.

ಎಲ್ಲಕ್ಕಿಂತ ನನಗೆ ಜಾಸ್ತಿ ಚಿಂತೆ ನಮ್ಮ ಬೂಟುಗಳದ್ದು. ಈ ವೈರಸ್ ಕಪ್ಪೆಗಳಿಗೂ ತಗುಲುತ್ತದೆ, ಕೊಳದ ಗೊದಮೊಟ್ಟೆಗಳು ರಾಶಿ ರಾಶಿ ಸಾಯುತ್ತವೆ. ಆ ಕೆಸರು ಮೆತ್ತಿಕೊಂಡು ಇನ್ನೊಂದು ಕಾಡಿಗೆ ಹೋದರೆ ರೋಗ ಹೊತ್ತವರು ನಾವೇ ಅಲ್ವಾ? ಹಾಗಾಗಿ ಒಂದು ಆಮೆಗೆ ಒಂದು ಜೊತೆ ಗ್ಲೌಸ್. ಬೂಟು, ತಕ್ಕಡಿ, ಅಳತೆಪಟ್ಟಿಯನ್ನು ಮೊದಲು ಬ್ರಷ್‌ನಿಂದ ಉಜ್ಜಿ ತೊಳೆದು, ಆಮೇಲೆ ಶೇಕಡಾ 3ರ ಬ್ಲೀಚ್ ನೀರಿನಲ್ಲಿ ಒಂದು ನಿಮಿಷವಾದರೂ ನೆನೆಸುತ್ತೇವೆ. ಕೆಸರಿನ ಮೇಲೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಹೋಗುತ್ತದೆ.

ಸೋಂಕು ಖಚಿತವಾದರೂ ಕಾಡಿನ ಆಮೆಗೆ ಕೊಡಲು ಮದ್ದಿಲ್ಲ. ಬಾಕ್ಸ್ ಆಮೆ ದಶಕಗಳ ಕಾಲ ಬದುಕುತ್ತದೆ, ಆದರೆ ವರ್ಷಕ್ಕೆ ಇಡುವುದು ಕೆಲವೇ ಮೊಟ್ಟೆ. ಬೆಳೆದ ಹೆಣ್ಣುಗಳು ಸತ್ತರೆ ಆ ನಷ್ಟ ಬೇಗ ತುಂಬುವುದಿಲ್ಲ. ನಾವು ಮಾಡಬಹುದಾದದ್ದು ಓಡಾಟದ ಲೆಕ್ಕ ಮಾತ್ರ: ರೋಗ ಕಂಡ ಕೊಳವನ್ನು ದಿನದ ಕೊನೆಗೆ ಇಟ್ಟುಕೊಳ್ಳುತ್ತೇವೆ, ಅಲ್ಲಿಂದ ಸೀದಾ ಮನೆಗೆ.