ಕಾಶ್ಮೀರಿ ಶಾಲಿಗೆ ನುಸಿ ಬಿದ್ದಾಗ

ಮೊನ್ನೆ ಪಕ್ಕದ ಮನೆ ಹುಡುಗಿ ತನ್ನ ಮದುವೆಗೆ ಬಂದ ಕಾಶ್ಮೀರಿ ಶಾಲನ್ನು ತಂದು ತೋರಿಸಿದಳು. ಅಂಚಿನ ತುಂಬ ಕೈಯಲ್ಲೇ ಹಾಕಿದ ಸಣ್ಣ ಸಣ್ಣ ಹೂಬಳ್ಳಿ. ಬಿಡಿಸಿದರೆ ಸಾಸಿವೆ ಗಾತ್ರದ ಆರೇಳು ತೂತು! "ರಿಸೆಪ್ಷನ್ ದಿನ ಒಂದೇ ಸಲ ಹೊದ್ದಿದ್ದು ಅಜ್ಜಿ, ಆಮೇಲೆ ಎರಡು ವರ್ಷ ಬೀರುವಿನಿಂದ ತೆಗೆದೇ ಇಲ್ಲ" ಅಂದಳು. ಅದೇ ಆಗಿದ್ದು ತಪ್ಪು.

ಹಾರುವ ನುಸಿ ಉಣ್ಣೆ ತಿನ್ನುವುದಿಲ್ಲ. ಅದು ಮೊಟ್ಟೆ ಇಟ್ಟು ಹೋಗುತ್ತದೆ, ತಿನ್ನುವುದು ಮರಿಹುಳು. ಅದಕ್ಕೆ ಕತ್ತಲೆ ಬೇಕು, ಯಾರೂ ಅಲುಗಾಡಿಸಬಾರದು. ಜೊತೆಗೆ ಬೆವರು, ಪಾಯಸದ ಕಲೆ ಇದ್ದರೆ ಹಬ್ಬದೂಟ. ಆದ್ದರಿಂದ ಒಂದೇ ದಿನ ಹೊದ್ದರೂ ಕೊಳೆಯ ಸಮೇತ ಮಡಿಚಿಡಬೇಡಿ.

ತೊಳೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ, ಹಿಂಬದಿಯಲ್ಲಿ ಕೆಂಪು, ಕಪ್ಪು ದಾರದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಣ್ಣ ಅಂಟಿದರೆ ನೀರಿಗೆ ಹಾಕಲೇಬೇಡಿ, ಡ್ರೈಕ್ಲೀನಿಂಗ್‌ಗೆ ಕೊಡಿ. ಜರಿ ದಾರದ ತಿಲ್ಲಾ ಕೆಲಸ ಇದ್ದರೂ ಅಷ್ಟೇ. ಬಣ್ಣ ಬಿಡದಿದ್ದರೆ ತಣ್ಣೀರಿಗೆ ಒಂದು ಚಮಚ ಮಕ್ಕಳ ಶಾಂಪೂ ಸಾಕು. ಅಂಟುವಾಳದ ನೀರಾದರೂ ಆದೀತು, ತಿಳಿ ಬಣ್ಣದ ಶಾಲಿಗೆ ಮಾತ್ರ ಬೇಡ. ಬಟ್ಟೆಯ ಪುಡಿ, ಸೋಡಾ, ಬ್ಲೀಚು ಹತ್ತಿರವೂ ಸುಳಿಯಬಾರದು. ಉಣ್ಣೆ ಅಂದರೆ ಕೂದಲೇ ಅಲ್ವಾ? ನಿಮ್ಮ ತಲೆಗೆ ಹಾಕದ್ದನ್ನು ಅದಕ್ಕೂ ಹಾಕಬೇಡಿ. ಉಜ್ಜಬೇಡಿ, ಹಿಂಡಬೇಡಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಹುರುಪೆ ಇರುತ್ತದೆ. ಬಿಸಿನೀರಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಶಾಲು ಕುಗ್ಗಿ ಕಂಬಳಿ ಆಗುತ್ತದೆ. ನನ್ನದೊಂದು ಹಾಗೇ ಹೋಯಿತು, ಈಗ ಇಸ್ತ್ರಿ ಮೇಜಿನ ಮೇಲಿದೆ. ತೊಳೆದದ್ದನ್ನು ಟವೆಲಿನಲ್ಲಿ ಸುತ್ತಿ ನೀರು ಒತ್ತಿ, ನೆರಳಲ್ಲಿ ಮಂಚದ ಮೇಲೆ ಹರವಿ. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ಜೋತು ಉದ್ದವಾಗುತ್ತದೆ.

ಇಡುವಾಗ ಹಳೇ ಮೆತ್ತನೆ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯ ಗಂಟಿನಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಶಾಲಿಗೆ ತಾಗಬಾರದು. ಬೇವಿನ ಎಲೆ ನಾನೂ ಹಾಕುತ್ತೇನೆ, ಆದರೆ ಒಳಗೆ ಆಗಲೇ ಹುಳ ಇದ್ದರೆ ಅದರಿಂದ ಸಾಯುವುದಿಲ್ಲ. ಎರಡು ತಿಂಗಳಿಗೊಮ್ಮೆ ತೆಗೆದು, ಕೊಡವಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಜಾಗದಲ್ಲಿ ಮಡಿಚಿ. ಒಂದೇ ಗೆರೆಯಲ್ಲಿ ಮಡಿಚುತ್ತಿದ್ದರೆ ಅಲ್ಲೇ ದಾರ ತುಂಡಾಗುತ್ತದೆ.

ಬಳೆಗೋ ಪಿನ್ನಿಗೋ ಸಿಕ್ಕಿ ಎಳೆ ಹೊರಬಂದರೆ ಕತ್ತರಿಸಬೇಡಿ. ಸೂಜಿಯಿಂದ ಮೆಲ್ಲಗೆ ಹಿಂಬದಿಗೆ ಎಳೆದುಬಿಡಿ.

ಇನ್ನು ಕೊಳ್ಳುವವರಿಗೆ ಒಂದು ಮಾತು. ಶ್ರೀನಗರದ ಅಂಗಡಿಯಲ್ಲಿ ಒಬ್ಬರು ಶಾಲನ್ನು ಉಂಗುರದೊಳಗೆ ತೂರಿಸಿ ತೋರಿಸಿದ್ದೇ ತಡ, ನಮ್ಮ ಮನೆಯವರು ಪರ್ಸ್ ತೆಗೆದೇಬಿಟ್ಟರು. ತೆಳ್ಳಗಿನ ನೈಲಾನ್ ಬಟ್ಟೆಯೂ ಉಂಗುರದಲ್ಲಿ ತೂರುತ್ತದೆ ಅಂತ ನಾನು ಗೊಣಗಿದ್ದು ಅವರಿಗೆ ಕೇಳಿಸಲಿಲ್ಲ. ಅದರ ಬದಲು ಶಾಲನ್ನು ತಿರುಗಿಸಿ ನೋಡಿ. ಸೋಜ್ನಿ ಅಂದರೆ ಸಪೂರ ಸೂಜಿಯ ಕೆಲಸ. ಕೈಯದಾದರೆ ಹಿಂದೆಯೂ ಅದೇ ಬಣ್ಣದ ದಾರ, ಹೊಲಿಗೆ ಅಲ್ಲಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಮೆಷಿನ್ನಿನದಾದರೆ ಹಿಂದೆ ಸಾಮಾನ್ಯವಾಗಿ ಬೇರೆ ದಾರ, ಎಲ್ಲ ಒಂದೇ ಅಳತೆ. ಎರಡೂ ಬದಿ ಒಂದೇ ಥರ ಕಾಣುವ ದೋರುಖಾ ಅಂತ ಒಂದಿದೆ. ಅದನ್ನು ನೋಡಿದರೆ ನನಗೆ ನಮ್ಮ ಧಾರವಾಡದ ಕಸೂತಿಯ ಗವಂತಿ ಹೊಲಿಗೆ ನೆನಪಾಗುತ್ತದೆ. ಅಲ್ಲೂ ಹಿಂದೆ ಮುಂದೆ ಗೊತ್ತಾಗುವುದಿಲ್ಲ, ಗಂಟಂತೂ ಇಲ್ಲವೇ ಇಲ್ಲ. ಪಶ್ಮಿನಾ, ಅಂದರೆ ಮೇಕೆಯ ನವಿರು ಉಣ್ಣೆ, ಅಂತ ಜಾಸ್ತಿ ದುಡ್ಡು ಕೊಡುವುದಾದರೆ ಜಿಐ ಗುರುತಿನ, ಅಂದರೆ ಇದು ಆ ಊರಿನದೇ ಅಸಲಿ ಮಾಲು ಅನ್ನುವ ಸರ್ಕಾರಿ ಗುರುತಿನ, ಪಟ್ಟಿ ಕೇಳಿ. ಕಾಶ್ಮೀರದ ಪಶ್ಮಿನಾಗೆ 2008ರಲ್ಲೇ ಆ ಮಾನ್ಯತೆ ಸಿಕ್ಕಿದೆ. ಕೈಯಲ್ಲೇ ನೂತು, ಕೈಮಗ್ಗದಲ್ಲೇ ನೇಯ್ದು, ಎಳೆಯ ದಪ್ಪ 16 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಮೀರದಿದ್ದರೆ ಮಾತ್ರ ಆ ಪಟ್ಟಿ. ಯಾರಾದರೂ ಶಹತೂಶ್ ಅಂತ ಪಿಸುಗುಟ್ಟಿದರೆ ಎದ್ದು ಬನ್ನಿ. ಆ ಉಣ್ಣೆಗಾಗಿ ಚಿರು ಅನ್ನುವ ಟಿಬೆಟ್ಟಿನ ಜಿಂಕೆಯಂಥ ಪ್ರಾಣಿಯನ್ನೇ ಕೊಲ್ಲುತ್ತಾರೆ, ಮಾರುವುದು ಅಪರಾಧ.

ಆ ಹುಡುಗಿಯ ಶಾಲಿನ ವಿಷಯ ಹೇಳುತ್ತಿದ್ದೆ ಅಲ್ವಾ? ಚಳಿಗಾಲದಲ್ಲಿ ಗಂಟು ಹೊತ್ತು ನಮ್ಮ ಬೀದಿಗೆ ಬರುವ ಕಾಶ್ಮೀರಿ ವ್ಯಾಪಾರಿಗೆ ರಫೂ ಮಾಡುವವರ ಪರಿಚಯ ಇದೆ. ಬಣ್ಣ ಹೊಂದುವ ಎಳೆ ಹುಡುಕಿ ತೂತನ್ನು ನೇಯ್ದ ಹಾಗೇ ಮುಚ್ಚುತ್ತಾರೆ. ಕೊಡುವ ಮೊದಲು ಒಳಗಿನ ಹುಳ, ಮೊಟ್ಟೆ ಸಾಯಬೇಕು. ಅದಕ್ಕೆ ಗಾಳಿ ಹೋಗದ ಹಾಗೆ ಕವರಿನಲ್ಲಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿ ಇಡಬೇಕು. ತೆಗೆದ ಮೇಲೆ ತಣ್ಣಗಿರುವುದು ಪೂರ್ತಿ ಹೋಗುವ ತನಕ ಕವರ್ ಬಿಚ್ಚಬಾರದು, ಬಿಚ್ಚಿದರೆ ಶಾಲು ಒದ್ದೆಯಾಗುತ್ತದೆ. ಅವಳ ಮನೆ ಫ್ರಿಜ್ ಸಣ್ಣದು. ಹಾಗಾಗಿ ಈಗ ಶಾಲು ನಮ್ಮ ಫ್ರೀಜರ್‌ನಲ್ಲಿ, ಅವರೆಕಾಳಿನ ಡಬ್ಬಿ ಪಕ್ಕ ಮಲಗಿದೆ.