ಡಿಮೆನ್ಶಿಯಾ ಇರುವವರಿಗೊಂದು ಒಡನಾಟದ ಕೂಟ: ಕಟ್ಟುವುದು ಹೇಗೆ?

ನೆನಪು, ಯೋಚನೆ, ದಿನದ ಕೆಲಸ ಮಾಡುವ ಶಕ್ತಿ ಕ್ರಮೇಣ ಕುಂದುವ ಡಿಮೆನ್ಶಿಯಾ ಇದೆಯೆಂದು ವೈದ್ಯರು ಹೇಳಿದ ಮೇಲೆ ಮನೆಗೆ ಬಂದುಹೋಗುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಬಂದವರಿಗೆ ಏನು ಮಾತನಾಡಬೇಕೆಂದು ತೋಚುವುದಿಲ್ಲ, ಮನೆಯವರಿಗೆ ಹೊರಗೆ ಕರೆದೊಯ್ಯಲು ಮುಜುಗರ, ಕಾಯಿಲೆಯಿರುವವರಿಗೂ ಹೆಸರು ಮರೆತು ನಗೆಪಾಟಲಾಗುವ ಭಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು; ಅದರಲ್ಲಿ ಶೇ 60ರಿಂದ 70ರಷ್ಟು ಪಾಲು ಅಲ್ಝೈಮರ್ಸ್ ಎಂಬ ಬಗೆಯದು. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲದಿರುವಾಗ, ವಾರಕ್ಕೊಮ್ಮೆ ನಾಲ್ಕು ಜನರ ನಡುವೆ ಕುಳಿತು ನಕ್ಕು ಬರುವ ಅವಕಾಶ ಸಣ್ಣದೇನಲ್ಲ. ಅಂಥ ಕೂಟವನ್ನು ನಡೆಸಲು ವೈದ್ಯಕೀಯ ಪದವಿ ಬೇಕಿಲ್ಲ. ಆದರೆ ಬಂದವರ ನೆನಪನ್ನು ಪರೀಕ್ಷಿಸುವ ಚಪಲವನ್ನು ನಡೆಸುವವರು ಬಾಗಿಲಾಚೆಯೇ ಬಿಟ್ಟು ಬರಬೇಕು.

ಯಾರಿಗಾಗಿ ಎಂಬುದು ಮೊದಲು ತೀರ್ಮಾನವಾಗಲಿ

ಮನೆಯವರೂ ಜೊತೆಗೇ ಕೂರುವ ಕೂಟವೇ ಅಥವಾ ಅವರಿಗೆ ಎರಡು ಗಂಟೆ ಬಿಡುವು ಕೊಡುವ ಕೂಟವೇ ಎಂಬುದನ್ನು ಆರಂಭದಲ್ಲಿಯೇ ನಿಶ್ಚಯಿಸಿಕೊಳ್ಳಿ. ನೆದರ್ಲೆಂಡ್ಸ್‌ನ ಮನೋವಿಜ್ಞಾನಿ ಬೆರೆ ಮೀಸೆನ್ 1997ರಲ್ಲಿ ಆರಂಭಿಸಿದ ‘ಅಲ್ಝೈಮರ್ ಕೆಫೆ’ಯಲ್ಲಿ ಕಾಯಿಲೆಯಿರುವವರು, ಮನೆಯವರು ಮತ್ತು ತಜ್ಞರು ಒಂದೇ ಕೋಣೆಯಲ್ಲಿ ಕುಳಿತು ಕಾಯಿಲೆಯ ಕುರಿತು ಮುಚ್ಚುಮರೆಯಿಲ್ಲದೆ ಮಾತನಾಡುತ್ತಿದ್ದರು. ಅದಕ್ಕೂ ಮೊದಲು, 1993ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಭೇಟಿ ಕೇಂದ್ರಗಳು ಕಾಯಿಲೆಯಿರುವವರಿಗೆ ಚಟುವಟಿಕೆಯನ್ನೂ ಮನೆಯವರಿಗೆ ಮಾಹಿತಿ ಮತ್ತು ಬೆಂಬಲವನ್ನೂ ಒಂದೇ ಸೂರಿನಡಿ ಒದಗಿಸಿದವು. ಹೊಸದಾಗಿ ಆರಂಭಿಸುವವರಿಗೆ ಈ ಎರಡನೆಯ ದಾರಿ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ. ಮಗಳೋ ಗಂಡನೋ ಪಕ್ಕದಲ್ಲೇ ಇದ್ದರೆ ಪ್ರತಿ ಮಾತನ್ನೂ ತಿದ್ದುವ, ತಾವೇ ಉತ್ತರಿಸಿಬಿಡುವ ಅಭ್ಯಾಸ ತಪ್ಪುವುದಿಲ್ಲ. ಪಕ್ಕದ ಕೋಣೆಯಲ್ಲಿದ್ದರೆ ಇಬ್ಬರಿಗೂ ಉಸಿರಾಡಲು ಜಾಗ ಸಿಗುತ್ತದೆ.

ಆರರಿಂದ ಎಂಟು ಮಂದಿ ಸಾಕು. ಕಾಯಿಲೆ ಆರಂಭದ ಅಥವಾ ನಡುವಿನ ಹಂತದಲ್ಲಿರುವವರನ್ನು ಒಟ್ಟಿಗೆ ಸೇರಿಸಬಹುದು. ತೀರಾ ಮುಂದುವರಿದವರಿಗೆ ಗುಂಪಿನ ಗದ್ದಲವೇ ಹಿಂಸೆಯಾಗುತ್ತದೆ. ಸೇರಿಸಿಕೊಳ್ಳುವ ಮುನ್ನ ಮನೆಗೆ ಹೋಗಿ ಮಾತನಾಡಿಸಿ. ಯಾವ ಹೆಸರಿನಿಂದ ಕರೆದರೆ ಅವರಿಗೆ ಇಷ್ಟ, ಏನು ಕೆಲಸ ಮಾಡುತ್ತಿದ್ದರು, ಯಾವ ವಿಷಯ ಎತ್ತಿದರೆ ನೊಂದುಕೊಳ್ಳುತ್ತಾರೆ, ಕಿವಿ ಮತ್ತು ಕಣ್ಣು ಹೇಗಿವೆ, ಶೌಚಕ್ಕೆ ಹೋಗಬೇಕೆನಿಸಿದಾಗ ಅದನ್ನು ಹೇಗೆ ಸೂಚಿಸುತ್ತಾರೆ, ಇವೆಲ್ಲ ಒಂದು ಹಾಳೆಯಲ್ಲಿ ಇರಲಿ. ಕಾಯಿಲೆಯ ಬಗೆಯನ್ನೂ ಕೇಳಿ ಬರೆದುಕೊಳ್ಳಿ, ಏಕೆಂದರೆ ಅಲ್ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಮಾಸಿದರೆ, ಫ್ರಂಟೊಟೆಂಪೊರಲ್ ಬಗೆಯಲ್ಲಿ ನಡತೆ ಅಥವಾ ಭಾಷೆ ಮೊದಲು ಕೆಡುತ್ತದೆ, ಲೆವಿ ಬಾಡಿ ಬಗೆಯಲ್ಲಿ ಇಲ್ಲದ್ದು ಕಣ್ಣಿಗೆ ಕಾಣುವುದು, ಗಮನ ಏರುಪೇರಾಗುವುದು, ಬೀಳುವುದು ಹೆಚ್ಚು.

ಜಾಗ ಮತ್ತು ಹೊತ್ತು

ನೆಲಮಹಡಿಯ ಕೋಣೆ, ಪಕ್ಕದಲ್ಲೇ ಶೌಚಾಲಯ, ಅದರ ಬಾಗಿಲ ಮೇಲೆ ದೊಡ್ಡ ಅಕ್ಷರದ ಜೊತೆಗೊಂದು ಚಿತ್ರ, ಇಷ್ಟು ಇರಲೇಬೇಕು. ಮಿರುಗುವ ನೆಲ ಒದ್ದೆಯಾದಂತೆಯೂ ಕಡುಬಣ್ಣದ ಚಾಪೆ ಹಳ್ಳದಂತೆಯೂ ತೋರಿ ಕಾಲೆತ್ತಿಡಲು ಹೆದರುವವರಿದ್ದಾರೆ, ಚಾಪೆಯನ್ನು ತೆಗೆದುಬಿಡಿ. ಕನ್ನಡಿಯಲ್ಲಿ ಕಂಡ ತಮ್ಮದೇ ಮುಖವನ್ನು ಅಪರಿಚಿತರದೆಂದು ಭಾವಿಸುವವರೂ ಇರುವುದರಿಂದ ಕನ್ನಡಿಯಿದ್ದರೆ ಬಟ್ಟೆ ಮುಚ್ಚಿ. ಕುರ್ಚಿಗಳಿಗೆ ಕೈಹಿಡಿ ಇರಲಿ. ಟಿವಿ ಬೇಡ. ಬಾಗಿಲ ಬಳಿ ಒಬ್ಬ ಸ್ವಯಂಸೇವಕರು ಸದಾ ಇರಲಿ, ಆದರೆ ಕಾವಲುಗಾರರಂತೆ ನಿಲ್ಲುವುದು ಬೇಡ.

ಸಂಜೆಯಾದಂತೆ ಗೊಂದಲ ಮತ್ತು ಚಡಪಡಿಕೆ ಹೆಚ್ಚುವುದು ಹಲವರಲ್ಲಿ ಕಂಡುಬರುವುದರಿಂದ ಬೆಳಗಿನ ಹತ್ತು, ಹತ್ತೂವರೆಯ ಹೊತ್ತು ಒಳ್ಳೆಯದು. ವಾರವೂ ಗಂಟೆಯೂ ಕೋಣೆಯೂ ಬದಲಾಗಬಾರದು. ಒಟ್ಟು ಎರಡು ಗಂಟೆ ಇಟ್ಟುಕೊಂಡರೂ ಮುಖ್ಯ ಚಟುವಟಿಕೆ ಮುಕ್ಕಾಲು ಗಂಟೆ ಮೀರದಿರಲಿ.

ಕೂಟದ ದಿನ

ಎಲ್ಲರೂ, ಸ್ವಯಂಸೇವಕರೂ ಸೇರಿ, ಹೆಸರಿನ ಚೀಟಿ ಧರಿಸಬೇಕು. ಆಗ ಯಾರಿಗೂ ‘ನನ್ನ ಹೆಸರು ಗೊತ್ತಾಯಿತೇ?’ ಎಂದು ಕೇಳುವ ಅವಕಾಶವೇ ಉಳಿಯುವುದಿಲ್ಲ. ಇಂದು ಯಾವ ವಾರವೆಂದು ಕೇಳುವುದರ ಬದಲು ಹಲಗೆಯ ಮೇಲೆ ದೊಡ್ಡದಾಗಿ ಬರೆದಿಡಿ. ಪ್ರತಿ ಸಲವೂ ಒಂದೇ ಹಾಡಿನಿಂದ ಆರಂಭಿಸಿ, ಒಂದೇ ಹಾಡಿನಿಂದ ಮುಗಿಸಿ. ಮಾತು ತಡವರಿಸುವವರೂ ಚಿಕ್ಕಂದಿನ ಹಾಡನ್ನು ಸಾಹಿತ್ಯ ಸಮೇತ ಹಾಡಿಬಿಡುವುದುಂಟು.

ನಡುವಿನ ಚಟುವಟಿಕೆಗೆ ಹೆಚ್ಚಿನ ಯೋಚನೆ ಬೇಕು. ಹರೆಯದ ದಿನಗಳ ನೆನಪು ಮತ್ತು ಕೈಗೆ ರೂಢಿಯಾದ ಕೆಲಸ, ಇವೆರಡೂ ಬಹುಕಾಲ ಉಳಿಯುತ್ತವೆ. ಆದ್ದರಿಂದ ಚಿತ್ರಕ್ಕಿಂತ ವಸ್ತು ಮೇಲು. ಹಳೆಯ ಕಬ್ಬಿಣದ ಬೀಗವೊಂದನ್ನು ಕೈಯಿಂದ ಕೈಗೆ ದಾಟಿಸಿ ನೋಡಿ. ‘ಇದು ಏನು?’ ಎಂದು ಕೇಳಿದರೆ ಹೆಸರು ಹೊಳೆಯದವರು ತಲೆ ತಗ್ಗಿಸುತ್ತಾರೆ. ಏನೂ ಕೇಳದೆ ಬೀಗವನ್ನು ಕೈಗಿತ್ತರೆ ಅದೇ ವ್ಯಕ್ತಿ ಅದರ ಭಾರವನ್ನು ಅಂಗೈಯಲ್ಲಿ ತೂಗಿ, ಕೀಲಿ ತಿರುಗಿಸಿ, ಅದು ಕಿರುಗುಟ್ಟಿದಾಗ ‘ಎಣ್ಣೆ ಬಿಟ್ಟಿಲ್ಲ ಯಾರೂ’ ಎಂದಾರು. ಅಲ್ಲಿಂದ ಮಾತು ಕಳ್ಳರ ಕಡೆಗೋ, ಕೀಲಿ ಕಳೆದುಕೊಂಡ ರಾತ್ರಿಯ ಕಡೆಗೋ ಹೊರಳಬಹುದು. ‘ನಿಮಗೆ ನೆನಪಿದೆಯೇ?’ ಎಂಬ ಪ್ರಶ್ನೆಯನ್ನು ಬಿಟ್ಟು ‘ನಿಮಗೆ ಯಾವುದು ಇಷ್ಟ?’, ‘ಇದು ಒಳ್ಳೆಯದೋ ಕೆಟ್ಟದ್ದೋ?’ ಎಂದು ಕೇಳುವುದನ್ನು ರೂಢಿಸಿಕೊಳ್ಳಿ; ಅಭಿಪ್ರಾಯಕ್ಕೆ ತಪ್ಪು ಉತ್ತರವೆಂಬುದಿಲ್ಲ. ಕೇಳಿದ ಮೇಲೆ ಕಾಯಬೇಕು. ಹತ್ತು ಸೆಕೆಂಡಿನ ಮೌನ ನಡೆಸುವವರಿಗೆ ಅಸಹನೀಯ, ಉತ್ತರ ಹುಡುಕುತ್ತಿರುವವರಿಗೆ ಅದು ಬೇಕೇಬೇಕು.

ಅಮೆರಿಕದ ರಂಗಕಲಾವಿದೆ ಆ್ಯನ್ ಬಾಸ್ಟಿಂಗ್ 1990ರ ದಶಕದ ಕೊನೆಯಲ್ಲಿ ರೂಪಿಸಿದ ಕ್ರಮವೊಂದು ನೆನಪನ್ನು ಪೂರ್ತಿ ಬದಿಗಿಡುತ್ತದೆ. ವಿಚಿತ್ರವಾದ ಒಂದು ಚಿತ್ರವನ್ನು ತೋರಿಸಿ, ಇವರು ಯಾರಿರಬಹುದು, ಎಲ್ಲಿಗೆ ಹೊರಟಿರಬಹುದು ಎಂದು ಕೇಳಿ, ಬಂದ ಉತ್ತರಗಳನ್ನೆಲ್ಲ, ಅರ್ಥವಾಗದ್ದನ್ನೂ ಸೇರಿಸಿ, ಬರೆದುಕೊಂಡು ಕತೆಯಾಗಿ ಓದಿ ಹೇಳುವುದು. ಬಟ್ಟೆ ಮಡಚುವುದು, ಗಿಡ ನೆಡುವುದು, ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುವುದು ಕೂಡ ನಡೆಯುತ್ತವೆ. ಮಕ್ಕಳ ಆಟಿಕೆಗಳನ್ನು ಮಾತ್ರ ತರಬೇಡಿ. ತಮ್ಮನ್ನು ಮಗುವಿನಂತೆ ಕಂಡದ್ದು ಅವರಿಗೆ ತಿಳಿಯದೆ ಹೋಗುವುದಿಲ್ಲ.

ತೊಡಕು ಬಂದಾಗ

ಕೇಳಿದ್ದನ್ನೇ ಮತ್ತೆ ಕೇಳಿದರೆ ಮೊದಲ ಸಲ ಕೇಳಿದಂತೆಯೇ ಚುಟುಕಾಗಿ ಉತ್ತರಿಸಿ. ‘ಮನೆಗೆ ಹೋಗಬೇಕು, ಅಮ್ಮ ಕಾಯುತ್ತಿದ್ದಾಳೆ’ ಎಂದು ಎದ್ದ ಎಂಬತ್ತರ ಹಿರಿಯರಿಗೆ ಅಮ್ಮ ತೀರಿಕೊಂಡು ಎಷ್ಟು ವರ್ಷವಾಯಿತೆಂದು ನೆನಪಿಸುವುದು ಕ್ರೌರ್ಯ. ಆ ಸುದ್ದಿ ಅವರಿಗೆ ಪ್ರತಿ ಸಲವೂ ಹೊಸದು. ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆದು ‘ನಿಮ್ಮ ಅಮ್ಮನ ಬಗ್ಗೆ ಹೇಳಿ’ ಎಂದರೆ ಹೆಚ್ಚಿನವರು ಸಮಾಧಾನಗೊಳ್ಳುತ್ತಾರೆ. ಆದರೆ ಒಂದೆರಡು ದಿನಗಳಲ್ಲಿಯೇ ಯಾರಾದರೂ ತೀರಾ ಮಂಕಾದರೆ ಅಥವಾ ರೇಗಾಡತೊಡಗಿದರೆ ಅದನ್ನು ಡಿಮೆನ್ಶಿಯಾದ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೋವು ಅಥವಾ ಹೊಸ ಮಾತ್ರೆ ಕಾರಣವಿರಬಹುದಾದ್ದರಿಂದ ಮನೆಯವರಿಗೆ ಅಂದೇ ತಿಳಿಸಿ, ವೈದ್ಯರನ್ನು ಕಾಣಲು ಹೇಳಿ.

ಫೋಟೊ ತೆಗೆಯುವ ಮುನ್ನ ಮನೆಯವರನ್ನಷ್ಟೇ ಅಲ್ಲ, ಕಾಯಿಲೆಯಿರುವವರನ್ನೂ ಪ್ರತಿ ಸಲ ಕೇಳಿ.

ಫಲವನ್ನು ಅಳೆಯುವ ಬಗೆ

ಮನೋವಿಜ್ಞಾನಿ ಏಮಿ ಸ್ಪೆಕ್ಟರ್ ಮತ್ತು ಸಹೋದ್ಯೋಗಿಗಳು ಬ್ರಿಟನ್ನಿನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಎರಡರಂತೆ 14 ಸಲ ಗುಂಪು ಚಟುವಟಿಕೆಯಲ್ಲಿ ಪಾಲ್ಗೊಂಡವರ ಗ್ರಹಿಕೆ ಮತ್ತು ಜೀವನದ ಗುಣಮಟ್ಟ ಎರಡೂ ತಕ್ಕಮಟ್ಟಿಗೆ ಸುಧಾರಿಸಿದ್ದವು. ಅದು ತರಬೇತಿ ಪಡೆದವರು ಗೊತ್ತಾದ ಕ್ರಮದಲ್ಲಿ ನಡೆಸಿದ ಪ್ರಯೋಗ. ನಮ್ಮ ಕೂಟಕ್ಕೆ ಅಂಥ ಫಲವನ್ನು ಮುಂಗಡವಾಗಿ ಘೋಷಿಸಿಕೊಳ್ಳುವುದು ತರವಲ್ಲ, ಕಾಯಿಲೆ ನಿಲ್ಲುತ್ತದೆಂದು ಮನೆಯವರಿಗೆ ಆಸೆ ಹುಟ್ಟಿಸುವುದಂತೂ ಕೂಡದು. ಬರುವಾಗಿನ ಮುಖ ಹೇಗಿತ್ತು, ಹೋಗುವಾಗ ಹೇಗಿತ್ತು, ಯಾರು ಯಾವಾಗ ನಕ್ಕರು, ಯಾರು ಯಾವ ಚಟುವಟಿಕೆಯ ನಡುವೆ ಎದ್ದು ಹೋದರು ಎಂದು ಕೂಟ ಮುಗಿದ ಕೂಡಲೇ ಬರೆದಿಡಿ. ಏನು ನಡೆಯಿತೆಂದು ಮಧ್ಯಾಹ್ನಕ್ಕೆ ಮರೆತವರಲ್ಲೂ ಆಗ ಮೂಡಿದ ಹಿತ ಬಹಳ ಹೊತ್ತು ಉಳಿದಿರಬಲ್ಲದು. ಸಂಜೆ ಫೋನ್ ಮಾಡಿ ಮನೆಯವರನ್ನು ವಿಚಾರಿಸಿದರೆ ಅದು ತಿಳಿಯುತ್ತದೆ.

ಕಾಯಿಲೆ ಬೆಳೆಯುತ್ತಲೇ ಇರುವುದರಿಂದ ಒಂದಲ್ಲ ಒಂದು ದಿನ ಒಬ್ಬೊಬ್ಬರು ಕೂಟಕ್ಕೆ ಬರಲಾಗದ ಸ್ಥಿತಿ ತಲುಪುತ್ತಾರೆ. ಸೇರಿಸಿಕೊಳ್ಳುವಾಗಲೇ ಈ ಮಾತನ್ನು ಮನೆಯವರಲ್ಲಿ ಬಿಚ್ಚಿ ಹೇಳಿ, ಯಾವ ಲಕ್ಷಣ ಕಂಡಾಗ ಮರುಯೋಚನೆ ಮಾಡಬೇಕೆಂದು ಒಟ್ಟಿಗೆ ಬರೆದುಕೊಳ್ಳಿ. ಆ ಹಂತ ಬಂದಾಗ ಹೆಸರು ಹೊಡೆದುಹಾಕಿ ಕೈತೊಳೆದುಕೊಳ್ಳದೆ, ಅವರಿಗೆ ಹೊಂದಿಕೊಂಡಿದ್ದ ಸ್ವಯಂಸೇವಕರೊಬ್ಬರು ವಾರದ ಅದೇ ದಿನ, ಅದೇ ಗಂಟೆಗೆ ಮನೆಗೇ ಹೋಗಿ ಅರ್ಧ ಗಂಟೆ ಕೂರುವ ಏರ್ಪಾಡು ಮಾಡಿ, ಪಕ್ಕದ ಕೋಣೆಯ ಮನೆಯವರ ಗುಂಪಿಗೆ ಅವರ ಮನೆಯವರು ಬರುವುದನ್ನು ಹಾಗೆಯೇ ಮುಂದುವರಿಸಿ.